ಅವಕಾಶವೆಂಬ ಖಾಲಿ ಜಾಗ

ಧೈರ್ಯ ಮಾಡಿ ಮುಂದೆ ಬಂದವರ ಭಾಷಣ ಕೇಳಿದಾಗಲೆಲ್ಲ ನನಗೊಂದು ಅನುಮಾನ ಕಾಡುತ್ತದೆ. ಧೈರ್ಯ ಮಾಡಿ ಹಿಂದೆ ಬಿದ್ದವರನ್ನು ಯಾಕೆ ಯಾರೂ ವೇದಿಕೆಗೆ ಕರೆಯುವುದಿಲ್ಲ? ಅವರಿಗೂ ಒಂದು ಶಾಲು ಹೊದಿಸಬಹುದು. ಪೇಟ ಬೇಡ, ಬಿದ್ದ ತಲೆಗೆ ಅದು ನಿಲ್ಲಲಿಕ್ಕಿಲ್ಲ. ಒಂದು ಹಾರ, ಒಂದು ತೆಂಗಿನಕಾಯಿ ಸಾಕು. ಸಭಿಕರಿಗಂತೂ ಅವರಿಂದಲೇ ಹೆಚ್ಚು ಉಪಯೋಗ. ಗೆದ್ದವರು ತಾವು ಹತ್ತಿದ ಮೆಟ್ಟಿಲು ತೋರಿಸಿ ಹೋಗುತ್ತಾರೆ. ಯಾವ ಮೆಟ್ಟಿಲು ಮುರಿದಿದೆ ಎಂಬುದು ಬಿದ್ದವರಿಗೆ ಮಾತ್ರ ಗೊತ್ತು. ಇರಲಿ, ಯಾರೂ ಕರೆಯದಿದ್ದರೂ ನಾನೇ ಹತ್ತಿ ನಿಂತಿದ್ದೇನೆ. ಮುಂದೆ ನೀವೊಬ್ಬರೇ ಕೂತಿದ್ದೀರಿ, ಹಾಗಾಗಿ ಮೈಕು ಬೇಕಿಲ್ಲ.

ನಮ್ಮದು ರಾಯಚೂರು ಕಡೆಯ ಮನೆತನ. ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಬಂದು ಕಚೇರಿಯ ಮೇಜಿಗೆ ಅಂಟಿಕೊಂಡವರು. ಅಪ್ಪನೂ ಮೇಜು, ಚಿಕ್ಕಪ್ಪನೂ ಮೇಜು. ಷೋಡಶ ಸಂಸ್ಕಾರಗಳ ಜೊತೆಗೆ ಹದಿನೇಳನೆಯದಾಗಿ ಸರಕಾರಿ ನೌಕರಿ ಎಂಬುದೊಂದು ನಮ್ಮಲ್ಲಿತ್ತು. ಅದು ಆಗದೆ ಮದುವೆ ಎಂಬ ಸಂಸ್ಕಾರ ಆಗುತ್ತಿರಲಿಲ್ಲ. ನನ್ನನ್ನು ಕೊಟ್ಟದ್ದೂ ಅಂಥದೇ ಮನೆಗೆ. ನಮ್ಮ ಮನೆಯವರು ಬೇಗಂಪೇಟೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಡಬ್ಬಿ ಹಿಡಿದು ಹೋಗಿ ಸಂಜೆ ಅದೇ ಡಬ್ಬಿ ಹಿಡಿದು ಬರುವ ಮನುಷ್ಯ. ಆಗ ವಿಮಾನಗಳು ಇನ್ನೂ ಬೇಗಂಪೇಟೆಯಲ್ಲೇ ಇಳಿಯುತ್ತಿದ್ದವು. ಕಚೇರಿಯ ಕಿಟಕಿಯ ಹೊರಗೆ ದಿನವೂ ವಿಮಾನ ಏರುವುದನ್ನು ನೋಡುತ್ತ ಇವರು ಒಂದು ದಿನವೂ ಎಲ್ಲಿಗಾದರೂ ಹೋಗಬೇಕು ಎಂದವರಲ್ಲ. "ಸಪ್ಪಳ ಭಾಳ ಮಾಡ್ತಾವ" ಎನ್ನುವುದು ವಿಮಾನಗಳ ಬಗ್ಗೆ ಅವರ ಒಟ್ಟು ಅಭಿಪ್ರಾಯ.

ಆಗ ನಾನು ಕಾಚಿಗುಡಾದ ಸಮೀಪ ಒಂದು ಕನ್ನಡ ಶಾಲೆಯಲ್ಲಿ ಕನ್ನಡ ಟೀಚರ್. ಸರಕಾರ ಸಂಬಳ ಕೊಡುವ ಶಾಲೆ. ಬಹಳ ವರ್ಷ ತಾತ್ಕಾಲಿಕಳಾಗಿದ್ದು, ಕಾಯಂ ಆಗುವ ಹೊತ್ತಿಗೆ ಕೂದಲು ಬೆಳ್ಳಗಾಗಲು ಶುರುವಾಗಿತ್ತು. ನಾನು ಸೇರಿದಾಗ ತರಗತಿಯಲ್ಲಿ ಹುಡುಗರು ಕಿಟಕಿಯ ಕಟ್ಟೆಯ ಮೇಲೂ ಕೂರುತ್ತಿದ್ದರು. ಬರಬರುತ್ತ ನಮ್ಮವರೆಲ್ಲ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಕೊನೆಗೆ ನಾನು ಹಾಜರಿ ಕರೆಯಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಾಜರಿಯೇ ಮುಗಿದುಹೋಗುತ್ತಿತ್ತು. ಮೂರು ತರಗತಿಗಳನ್ನು ಒಂದೇ ಕೋಣೆಗೆ ತಂದೆವು. ಐದನೆಯ ತರಗತಿಗೆ ವಿಭಕ್ತಿ ಹೇಳುವಾಗ ಏಳನೆಯದವರು ಆಕಳಿಸುತ್ತಿದ್ದರು. ಏಳನೆಯದಕ್ಕೆ ಸಂಧಿ ಹೇಳುವಾಗ ಐದನೆಯದು ನಿದ್ದೆ ಹೋಗಿರುತ್ತಿತ್ತು. ಇವತ್ತಲ್ಲ ನಾಳೆ ಈ ಶಾಲೆ ಮುಚ್ಚುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಸುಮ್ಮನೆ ಕೂತಿದ್ದರು. ಅದು ಜಾಣತನ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿ ಕವಿತಾ ಶಾಲೆಗೆ ಬಂದಳು. ಕೊರಳಲ್ಲಿ ಪಟ್ಟಿ, ಪಟ್ಟಿಯ ತುದಿಗೆ ಅವಳದೇ ಫೋಟೋ. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಸಾಲಾಗಿ ಏಳುತ್ತಿದ್ದ ಕಾಲ ಅದು. ಅಂಥ ಒಂದರಲ್ಲಿ ಮೊಬೈಲ್ ಕಂಪನಿಯೊಂದರ ಗ್ರಾಹಕರ ದೂರು ಕೇಳುವ ಕೇಂದ್ರ ಇತ್ತು. ಕರ್ನಾಟಕದ ಗ್ರಾಹಕರು ಫೋನು ಮಾಡಿದರೆ ಹೈದರಾಬಾದಿನಲ್ಲಿ ಕೂತ ಕವಿತಾ ಮತ್ತವಳ ಗೆಳತಿಯರು ಕನ್ನಡದಲ್ಲಿ ಉತ್ತರಿಸಬೇಕು.

"ಟೀಚರ್, ನಮ್ಮಲ್ಲೆ ಹೊಸಾ ಹುಡುಗ್ಯಾರಿಗೆ ಕನ್ನಡ ಕಲಿಸೋರು ಬೇಕಾಗ್ಯಾರ್ರಿ," ಎಂದಳು. "ಅವಕ್ಕ ಮನ್ಯಾಗಷ್ಟ ಕನ್ನಡ ಗೊತ್ತು. ಫೋನಿನಾಗ ಮಾತಾಡು ಅಂದ್ರ ತೆಲುಗು ಬರತೈತಿ. ನೀವು ಬರ್ರಿ ಟೀಚರ್. ನಿಮ್ಮಂಥೋರು ಇಲ್ಲಿ ಯಾಕ ಕುಂತೀರಿ?"

ನಿಮ್ಮಂಥವರು ಇಲ್ಲಿ ಯಾಕೆ ಕೂತಿದ್ದೀರಿ! ಮನುಷ್ಯರ ತಲೆ ಕೆಡಿಸಲು ಇದಕ್ಕಿಂತ ಚಿಕ್ಕ ವಾಕ್ಯವನ್ನು ಯಾರೂ ಕಂಡುಹಿಡಿದಿಲ್ಲ. ನನ್ನಂಥವಳು ಇಲ್ಲಿ ಯಾಕೆ ಕೂತಿದ್ದೇನೆ ಎಂದು ಸಾರಿಗೆ ಒಗ್ಗರಣೆ ಹಾಕುವಾಗಲೂ ಕೇಳಿಕೊಂಡೆ, ಬಟ್ಟೆ ಒಣಹಾಕುವಾಗಲೂ ಕೇಳಿಕೊಂಡೆ. ಒಂದು ವಾರದ ನಂತರ ಮಾದಾಪುರಕ್ಕೆ ಸಂದರ್ಶನಕ್ಕೆ ಹೋದೆ. ಒಂದು ಗದ್ಯಭಾಗ ಕೊಟ್ಟು ಓದಿಸಿದರು. ಜೀವಮಾನವೆಲ್ಲ ಮಾಡಿದ್ದು ಅದೊಂದೇ ಕೆಲಸ, ಚೆನ್ನಾಗಿಯೇ ಓದಿದೆ. ಅಲ್ಲಿಯೇ ಕೈಕುಲುಕಿ 'ಭಾಷಾ ತರಬೇತುದಾರರು' ಎಂಬ ಹುದ್ದೆ ಕೊಟ್ಟರು.

ಮನೆಯಲ್ಲಿ ವಿಷಯ ಹೇಳಿದಾಗ ನಮ್ಮ ಅತ್ತೆಯವರು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ, "ಇರಲಾರದ ಇರಿವಿ ಬಿಟ್ಕೊಂಡ್ರಂತ" ಎಂದರು. ಇವರು ಮಾತ್ರ ತಲೆ ಎತ್ತಿ ನನ್ನನ್ನು ನೋಡಿ ಕೇಳಿದರು.

"ಕಾಯಂ ನೌಕರಿ ಬಿಡ್ತೀ?"

"ಶಾಲಿನೇ ಕಾಯಂ ಇಲ್ಲಲ್ರೀ."

"ಶಾಲಿ ಹೋದ್ರೂ ನೌಕರಿ ಇರತೈತಿ ಸುಮಿತ್ರಾ. ಸರಕಾರದಾಗ ಹಂಗ."

"ಮಕ್ಕಳಿಲ್ಲದ ಶಾಲ್ಯಾಗ ಕುಂತು ಸಂಬಳ ತಗೊಳ್ಳಾಕ ನನಗ ಆಗೂದಿಲ್ಲ. ಒಮ್ಮೆರೆ ನನ್ನ ಕೆಲಸ ಯಾರಿಗರೆ ಬೇಕಾಗೈತಿ ಅಂತ ಅನಿಸ್ಬೇಕು ನನಗ."

ಮರುದಿನ ನಾನು ರಾಜೀನಾಮೆ ಕೊಟ್ಟಾಗ ನಮ್ಮ ಹೆಡ್‌ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಬಾಯಾರ, ಸರಕಾರಿ ಉಪ್ಪು ಉಂಡೋರು ತಾವಾಗೇ ತಾಟು ಸರಿಸಿದ್ದು ನನ್ನ ಸರ್ವಿಸಿನಾಗ ಇದ ಮೊದಲು," ಎಂದರು. ಅದು ಹೊಗಳಿಕೆ ಎಂದು ತಿಳಿದು ನಾನು ಸಣ್ಣಗೆ ನಕ್ಕೆ.

ಇಲ್ಲಿ ಕನ್ನಡ ಟೀಚರಿಗೆ ಒಂದು ನಿಮಿಷ ಬಿಡುವು ಕೊಡಿ. ಅವಕಾಶ ಎಂಬ ಶಬ್ದವನ್ನು ನಾವು ದಿನಬೆಳಗಾದರೆ ಬಳಸುತ್ತೇವೆ. ಅದರ ಮೂಲ ಅರ್ಥ ತೆರಪು, ಖಾಲಿ ಜಾಗ. ಆಕಾಶದ ದಾಯಾದಿ ಅದು. ಎರಡೂ ಒಂದೇ ಧಾತುವಿನ ಮಕ್ಕಳು. ಖಾಲಿ ಜಾಗದಲ್ಲಿ ಮನೆ ಕಟ್ಟಬಹುದು, ನಿಜ. ಆದರೆ ಬಾವಿಯ ಒಳಗಿರುವುದೂ ಖಾಲಿ ಜಾಗವೇ. ಉರ್ದು ಓದಿದ್ದ ನಮ್ಮ ಅಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಹೈದರಾಬಾದಿನ ರಸ್ತೆಯಲ್ಲಿ ಎಲ್ಲರ ಬಾಯಲ್ಲೂ ಇರುವ 'ಮೌಕಾ' ಅರಬ್ಬಿಯಿಂದ ಬಂದದ್ದಂತೆ, ಅಲ್ಲಿ ಅದರ ಮೂಲದಲ್ಲಿರುವುದು ಬೀಳುವುದು ಎಂಬ ಕ್ರಿಯಾಪದವಂತೆ. ಮೌಕಾ ಎಂದರೆ ಬೀಳುವ ಜಾಗ! ಎರಡು ಭಾಷೆಗಳು ಕೂಡಿ ಇಷ್ಟು ಸ್ಪಷ್ಟವಾಗಿ ಎಚ್ಚರಿಸಿದ್ದರೂ ನಾನು ಹೋದೆ. ವ್ಯಾಕರಣ ಕಲಿಸುವವರು ವ್ಯಾಕರಣದ ಮಾತು ಕೇಳಬೇಕೆಂಬ ನಿಯಮವೇನಿಲ್ಲವಲ್ಲ.

ಮೊದಲ ಕೆಲವು ತಿಂಗಳು ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಕಂಪನಿಯ ಗಾಡಿ ಮನೆಯ ತಿರುವಿಗೆ ಬಂದು ಹಾರ್ನ್ ಹಾಕುತ್ತಿತ್ತು. ತಂಪು ಕೋಣೆ, ಬಿಳಿ ಹಲಗೆ, ಎದುರಿಗೆ ಸಾಲುಗಟ್ಟಿ ಹುಡುಗಿಯರು. ಎಷ್ಟು ವರ್ಷದ ನಂತರ ಒಂದು ತುಂಬಿದ ತರಗತಿ! ಅಲ್ಪಪ್ರಾಣ ಮಹಾಪ್ರಾಣ ಹೇಳಿಕೊಟ್ಟೆ. "ನಾನು ನಿಮಗೆ ಹೇಗೆ ಸಹಾಯ ಮಾಡಬಹುದು" ಎಂಬುದನ್ನು ಪದ್ಯ ಹೇಳಿಸಿದಂತೆ ಹೇಳಿಸಿದೆ. ಮನೆಗೆ ಬಂದು ಅತ್ತೆಯವರಿಗೂ ಅದನ್ನೇ ಹೇಳಿ ಬೈಸಿಕೊಂಡೆ.

ಒಂದು ದಿನ ಹುಡುಗಿಯರು ಪಟ್ಟು ಹಿಡಿದರು: "ಟೀಚರ್, ನೀವ ಒಂದು ಕಾಲ್ ತಗೊಂಡು ತೋರಸ್ರಿ." ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಆ ಕಡೆಯಿಂದ ಒಂದು ಮುದಿ ಹೆಣ್ಣುದನಿ.

"ಯವ್ವಾ, ನನ್ನ ಫೋನಿನಾಗ ಯಾವನೋ ಹಾಡಾಕತ್ತಾನ. ಅವನನ್ನ ಮೊದಲ ಹೊರಗ ಹಾಕು."

ನಾನು ಹಲಗೆಯ ಮೇಲಿನ ಕನ್ನಡದಲ್ಲಿ, "ನಿಮ್ಮ ಸಮಸ್ಯೆಯನ್ನು ದಯವಿಟ್ಟು ವಿವರಿಸಿ" ಎಂದೆ.

"ವಿವರಸೂದೇನೈತಿ? ನನ್ನ ಅಳಿಯ ಫೋನ್ ಮಾಡಿದ್ರ ನಾ ಎತ್ತೂ ಮೊದಲ ಗಂಡಸು ಹಾಡ್ತಾನಂತ. ಅತ್ತಿ ಮನ್ಯಾಗ ಯಾರದಾರ ಅಂತ ಕೇಳ್ಯಾನ ಮಗಳನ್ನ. ಇವತ್ತ ನೋಡಾಕಂತ ಬಂದು ಇಲ್ಲೇ ಕುಂತಾನ. ಈ ವಯಸ್ಸಿನಾಗ ನನಗ ಯಾಕ ಬೇಕಿತ್ತ ಈ ಮಾತು?" ಎಂದು ಮುದುಕಿ ಅಳತೊಡಗಿದಳು.

ಯಾರೋ ಅವಳ ಫೋನಿಗೆ ಕಾಲರ್ ಟ್ಯೂನ್ ಹಾಕಿಬಿಟ್ಟಿದ್ದರು. ಅವಳ ಅಳು ನಮ್ಮ ಅಜ್ಜಿಯ ಅಳುವಿನಂತೆಯೇ ಇತ್ತು. ನನ್ನ ಬಾಯಿಂದ ಕನ್ನಡ ತಾನಾಗಿ ಹೊರಬಂತು. "ಅವ್ವಾ, ಅಳಬ್ಯಾಡ್ರಿ. ಅದು ಕಂಪನಿ ಹಾಡೈತಿ. ನಾ ಈಗ ತೆಗಸ್ತೀನಿ. ಅಳಿಯಾಗ ಫೋನ್ ಕೊಡ್ರಿ, ನಾನ ತಿಳಿಸಿ ಹೇಳ್ತೀನಿ."

ಹೇಳಿದೆ ಕೂಡ. ಅಳಿಯ ನಾಚಿಕೊಂಡ. ಮುದುಕಿ, "ನಿನ್ನ ಹೊಟ್ಟಿ ತಣ್ಣಗಿರಲಿ ಮಗಳ" ಎಂದು ಹರಸಿದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ನನ್ನ ಬದುಕಿನಲ್ಲಿ ನನಗೆ ಬಿದ್ದ ಚಪ್ಪಾಳೆ ಅದೊಂದೇ. ಆ ಸಂಜೆ ಗಾಡಿಯಲ್ಲಿ ಮನೆಗೆ ಬರುವಾಗ, ಒಂದು ಕೆಲಸ ಇನ್ನೊಬ್ಬರಿಗೆ ಬೇಕಾಗುವುದು ಎಂದರೆ ಇದೇ ಅನ್ನಿಸಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ.

ಮುಂದಿನ ವಾರ ಗುಣಮಟ್ಟ ಪರೀಕ್ಷಿಸಲು ಬೆಂಗಳೂರಿನಿಂದ ಪಲ್ಲವಿ ಎಂಬ ತರುಣಿ ಬಂದಳು. ಆ ಕರೆಯ ಧ್ವನಿಮುದ್ರಣ ಹಾಕಿಸಿ, ಪೂರ್ತಿ ಕೇಳಿ, ಬಹಳ ಮೃದುವಾಗಿ ಹೇಳಿದಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ನೀವು ಮಾತಾಡೋದು ಸ್ವಲ್ಪ ಜಗಳ ಆಡ್ದಂಗಿದೆ. 'ಐತಿ', 'ಬ್ಯಾಡ್ರಿ' ಎಲ್ಲಾ ಪ್ರೊಫೆಷನಲ್ ಆಗಿ ಕೇಳಿಸಲ್ಲ."

"ಆ ಅಜ್ಜಿಗೆ ತಿಳೀತಲ್ಲಮ್ಮ," ಎಂದೆ.

"ತಿಳಿಯೋದು ಬೇರೆ, ಕ್ವಾಲಿಟಿ ಬೇರೆ ಮೇಡಂ."

ಅವಳು ಕೆಟ್ಟವಳಲ್ಲ. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಆದರೆ ನಾನು ಕನ್ನಡದಲ್ಲಿ ಫೇಲಾಗಿದ್ದೆ. ಆಮೇಲೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ನನ್ನದೇ ಮಾತೃಭಾಷೆಯನ್ನು ಮೆತ್ತಗೆ ಮಾತಾಡಲು ಅಭ್ಯಾಸ ಮಾಡಿದೆ. ಇವರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಅಭ್ಯಾಸ ಕೈಗೂಡುವ ಮೊದಲೇ ಮ್ಯಾನೇಜರು ಎಲ್ಲರನ್ನೂ ಕೋಣೆಗೆ ಕರೆದರು. ತೆಲುಗಿನ ಸಜ್ಜನ ಹುಡುಗ. "ಕನ್ನಡ ಪನಿ ಅಂತಾ ಹುಬ್ಬಳ್ಳಿಕಿ ವೆಳ್ಳಿಪೋತೋಂದಿ ಮೇಡಂ" ಎಂದ. ಕನ್ನಡದ ಕೆಲಸವೆಲ್ಲ ಹುಬ್ಬಳ್ಳಿಗೆ ಹೋಗುತ್ತಿದೆ. ಅಲ್ಲಿ ಖರ್ಚು ಕಡಿಮೆ, ಕನ್ನಡದವರು ಬೇಕಾದಷ್ಟು. ಹುಡುಗಿಯರು ಬೇಕಾದರೆ ಅಲ್ಲಿಗೆ ಹೋಗಬಹುದು. ತರಬೇತುದಾರರನ್ನು ಮಾತ್ರ ಹುಬ್ಬಳ್ಳಿಯವರು ಫೋನಿನಲ್ಲಿ ಮಾತಾಡಿಸಿ ಆರಿಸುತ್ತಾರೆ.

ಒಮ್ಮೆ ಧುಮುಕಿದವಳಿಗೆ ಇನ್ನೊಮ್ಮೆ ಧುಮುಕಲು ಏನು ಭಯ? ಅತ್ತೆಯವರನ್ನು ಇವರು ನೋಡಿಕೊಳ್ಳುವುದು, ನಾನು ಹದಿನೈದು ದಿನಕ್ಕೊಮ್ಮೆ ಬರುವುದು ಎಂದು ಮಾತಾಯಿತು. ಹುಬ್ಬಳ್ಳಿಯಲ್ಲಿ 'ಐತಿ' ಎಂದರೆ ಯಾರು ಬೇಡವೆನ್ನುತ್ತಾರೆ? ಮನಸ್ಸು ಹಗುರಾಗಿ ಫೋನ್ ಎತ್ತಿದೆ.

"ನಮಸ್ಕಾರ್ರೀ ಮೇಡಮ್ಮಾರ," ಎಂದಿತು ಆ ಕಡೆಯ ಗಂಡುದನಿ. ಹತ್ತು ನಿಮಿಷ ಬಹಳ ಪ್ರೀತಿಯಿಂದ ಮಾತಾಡಿದರು. ಕೊನೆಗೆ ಸಂಕೋಚದಿಂದ, "ನಿಮ್ಮ ಕನ್ನಡ ಭಾಳ ಚಲೋ ಐತ್ರಿ. ಆದ್ರ ಏನಂದ್ರ, ತೆಲುಗು ವಾಸನಿ ಬರತೈತ್ರಿ. ಮಾತಿಗೊಮ್ಮೆ 'ಅಲ್ಲೇನ್ರಿ' ಅನ್ನೂ ಬದಲಿ 'ಕದಾ' ಅಂತೀರಿ," ಎಂದರು.

"ನಾನೇನ್ರಿ? ಇಲ್ಲ ಕದಾ!" ಎಂದೆ.

ಪಾಪ, ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕವಿತಾ ಹುಬ್ಬಳ್ಳಿಗೆ ಹೋದಳು. ಹೋದ ಕೆಲವೇ ದಿನಗಳಲ್ಲಿ ಅವಳ ಕೈಕೆಳಗೆ ಒಂದು ತಂಡ ಕೊಟ್ಟರು. ಅವಳ ದನಿಯಲ್ಲಿದ್ದ ಹಿಗ್ಗು ಕೇಳಿ ನನಗೂ ಹಿಗ್ಗಾಯಿತು; ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಅವಳು ಇಟ್ಟದ್ದೂ ನಾನಿಟ್ಟದ್ದೂ ಒಂದೇ ಹೆಜ್ಜೆ. ಅವಳ ಕಾಲಡಿಗೆ ನೆಲ ಬಂತು. ಇದರಲ್ಲಿ ಧೈರ್ಯದ ಪಾತ್ರವೆಷ್ಟು, ವಯಸ್ಸಿನದೆಷ್ಟು, ಹಣೆಬರಹದ್ದೆಷ್ಟು ಎಂದು ಬಿಡಿಸಿ ಹೇಳಬಲ್ಲ ಭಾಷಣಕಾರರನ್ನು ನಾನು ಇದುವರೆಗೆ ಕಂಡಿಲ್ಲ.

ಹಳೆಯ ಶಾಲೆಗೆ ಹೋಗಿ ಹೆಡ್‌ಮಾಸ್ತರರನ್ನು ಕಂಡೆ. ಚಹಾ ತರಿಸಿಕೊಟ್ಟರು. "ಬಾಯಾರ, ಏನಂತ ಹೇಳ್ಲಿ? ನೀವು ಎದ್ದ ಕುರ್ಚಿ ಸರಕಾರ ಒಯ್ತು. ಈ ಶಾಲ್ಯಾಗ ಖಾಲಿ ಬಿದ್ದ ಹುದ್ದೆ ಮತ್ತ ತುಂಬಂಗಿಲ್ಲ ಅಂತ ಆಗೈತಿ," ಎಂದರು. ಮುಂದಿನ ವರ್ಷ ಶಾಲೆಯೂ ಮುಚ್ಚಿತು. ಆಗ ಒಂದು ವಿಚಿತ್ರ ನಡೆಯಿತು. ಸುಮ್ಮನೆ ಕೂತಿದ್ದ ಟೀಚರುಗಳನ್ನೆಲ್ಲ ಸರಕಾರ ಬೇರೆ ಬೇರೆ ಶಾಲೆಗಳಿಗೆ ಹಂಚಿತು. ಸಂಬಳವೂ ಅದೇ, ಸರ್ವಿಸೂ ಅದೇ. ಗಣಿತದ ಟೀಚರ್ ದಾರಿಯಲ್ಲಿ ಸಿಕ್ಕಾಗ ತನ್ನ ಹೊಸ ಶಾಲೆಯಲ್ಲಿ ಫ್ಯಾನು ಜೋರಾಗಿ ತಿರುಗುವುದಿಲ್ಲ ಎಂದು ಬಹಳ ದುಃಖಪಟ್ಟಳು. ಅವಳ ಕಷ್ಟ ಕೇಳಿ ನಾನು ಸಮಾಧಾನ ಹೇಳಿದೆ.

ಅತ್ಯಂತ ಕೆಟ್ಟ ಹೊತ್ತು ಬೆಳಗಿನದು. ಎದ್ದು, ಸ್ನಾನ ಮಾಡಿ, ಇಸ್ತ್ರಿಯ ಸೀರೆ ಉಟ್ಟುಕೊಂಡು ನಿಂತರೆ ಹೋಗಲು ಜಾಗವಿಲ್ಲ. ಸೀರೆ ಬಿಚ್ಚಲು ಮನಸ್ಸಾಗದೆ ಸುಮ್ಮನೆ ಬಸ್ಸು ಹತ್ತಿ ಅಮೀರ್‌ಪೇಟಿಗೆ ಹೋಗುತ್ತಿದ್ದೆ. ಅಲ್ಲಿ ಕಟ್ಟಡಗಳ ಗೋಡೆ ಕಾಣದಷ್ಟು ಕಂಪ್ಯೂಟರ್ ತರಗತಿಗಳ ಬೋರ್ಡುಗಳು. ಪ್ರತಿ ಮೆಟ್ಟಿಲಲ್ಲೂ ಏನನ್ನಾದರೂ ಕಲಿಸುತ್ತಿದ್ದರು. ಕಲಿಸುವ ಊರಿನಲ್ಲಿ ಒಬ್ಬ ಟೀಚರಿಗೆ ಜಾಗವಿರಲೇಬೇಕು ಎಂದುಕೊಂಡು ಒಂದು ಸಂಸ್ಥೆಯ ಮೆಟ್ಟಿಲು ಹತ್ತಿದೆ. ಕೌಂಟರಿನ ಹುಡುಗಿ ಹಾಳೆಯೊಂದನ್ನು ಮುಂದೆ ಸರಿಸಿ, "ಏ ಕೋರ್ಸ್ ಕಾವಾಲಿ ಆಂಟೀ?" ಎಂದಳು. ಯಾವ ಕೋರ್ಸ್ ಬೇಕು ಎಂದು. ಕಲಿಯಲು ಅಲ್ಲ, ಕಲಿಸಲು ಬಂದಿದ್ದೇನೆ ಎಂದು ತೆಲುಗಿನಲ್ಲಿ ಹೇಳಿದೆ. ಏನು ಕಲಿಸುತ್ತೀರಿ ಎಂದಳು. ಕನ್ನಡ ಎಂದೆ. ಅವಳು ಯೋಚಿಸಿ, "ಅದು ಜಾವಾದ ಮೊದಲು ಬರುತ್ತದೋ, ಆಮೇಲೋ?" ಎಂದು ಕೇಳಿದಳು. ಅವಳು ಹಾಸ್ಯ ಮಾಡಲಿಲ್ಲ, ನಿಜವಾಗಿ ಕೇಳಿದಳು. ಕೆಳಗಿಳಿದು ಬಸ್ ಸ್ಟಾಪಿನ ಜನಜಂಗುಳಿಯಲ್ಲಿ ನಿಂತಾಗ ನಗು ಬಂದಂತಾಗಿ, ಅದು ಅರ್ಧದಲ್ಲಿ ಅಳುವಾಯಿತು. ಯಾರೂ ನೋಡಲಿಲ್ಲ. ಅಮೀರ್‌ಪೇಟಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಆಮೇಲೆ ನಾನು ಬಸ್ಸು ಹತ್ತುವುದನ್ನು ಬಿಟ್ಟೆ. ಈಗ ಮನೆಯಲ್ಲೇ ಇದ್ದೇನೆ. ಇಸ್ತ್ರಿಯ ಸೀರೆಗಳನ್ನು ಹಬ್ಬಕ್ಕೆ ಉಡುತ್ತೇನೆ. ನಡುವೆ ಅತ್ತೆಯವರು ತೀರಿಕೊಂಡರು. ಕೊನೆಯವರೆಗೂ ಅವರು ಆ ಇರುವೆಗಳ ಗಾದೆಯನ್ನು ಮತ್ತೊಮ್ಮೆ ನನಗೆ ಹೇಳಲಿಲ್ಲ. ಅದಕ್ಕೆ ನಾನು ಋಣಿ.

ಕಳೆದ ತಿಂಗಳು ಇವರಿಗೆ ಬಡ್ತಿ ಬಂತು. ಮೇಲಿನವರಲ್ಲಿ ಒಬ್ಬರು ನಿವೃತ್ತರಾದರು, ಒಬ್ಬರು ತೀರಿಕೊಂಡರು, ಒಬ್ಬರಿಗೆ ವರ್ಗವಾಯಿತು. ಸಾಲು ತಾನಾಗಿ ಸರಿದು ಇವರನ್ನು ಸೂಪರಿಂಟೆಂಡೆಂಟರ ಕುರ್ಚಿಗೆ ತಂದು ಕೂರಿಸಿತು. ಸಂಜೆ ಕೊರಳಿನ ಹಾರವನ್ನು ತೆಗೆದು ಡಬ್ಬಿಯ ಚೀಲದೊಳಗೆ ತುರುಕಿಕೊಂಡು ಕಳ್ಳನಂತೆ ಮನೆಗೆ ಬಂದರು. ನಾನೇ ತೆಗೆದು ಮತ್ತೆ ಹಾಕಿದೆ. ಶಿರಾ ಮಾಡಿದೆ.

"ಹೆಂಗೈತ್ರಿ ಕುರ್ಚಿ?" ಎಂದೆ.

"ಕೈ ಇಡಾಕ ಜಾಗ ಐತಿ," ಎಂದರು. ಎರಡು ಚಮಚ ಶಿರಾ ತಿಂದು ತಟ್ಟೆ ಕೆಳಗಿಟ್ಟರು. "ಸುಮಿತ್ರಾ, ಒಂದು ಮಾತು ಹೇಳ್ಲಿ? ನೀ ಬಿದ್ದಿ. ನಾ ಹತ್ತಲೇ ಇಲ್ಲ. ಇವತ್ತು ಎಲ್ಲಾರೂ ಕೈ ಕುಲುಕಾಕ ಬಂದಾಗ, ಏನು ಮಾಡಿದೆ ಅಂತ ಕೈ ಕುಲುಕಾಕತ್ತಾರ ಇವರು ಅಂತ ಅನಿಸ್ತು. ನಾ ಬರೇ ಕುಂತಿದ್ದೆ."

ಮೇಲಕ್ಕೆ ಹೋದವರು ಧೈರ್ಯದ ಮಾತಾಡುತ್ತಾರೆ, ಕೂತವರು ತಾಳ್ಮೆಯ ಮಾತಾಡುತ್ತಾರೆ. ನಮ್ಮಿಬ್ಬರ ಹತ್ತಿರ ಎರಡೂ ಇರಲಿಲ್ಲ. "ಆರೂದ್ರೊಳಗ ತಿನ್ರಿ" ಎಂದೆ. ತಿಂದರು.

ಧುಮುಕಿದ್ದರಿಂದ ನನಗೇನು ಸಿಕ್ಕಿತು, ಧುಮುಕದೆ ಇದ್ದದ್ದರಿಂದ ಅವರಿಗೇನು ಸಿಕ್ಕಿತು ಎಂದು ಆಮೇಲೆ ಯೋಚಿಸಿದ್ದೇನೆ. ಅವರಿಗೆ ನಾಳೆ ಪಿಂಚಣಿ ಬರುತ್ತದೆ. ನನಗೆ ಹೇಳಿಕೊಳ್ಳಲು ಒಂದು ಕಥೆ ಇದೆ. ಪಿಂಚಣಿಯಾದರೋ ತಿಂಗಳು ತಿಂಗಳೂ ಹೊಸದಾಗಿ ಬರುತ್ತದೆ; ಕಥೆಯನ್ನು ಒಮ್ಮೆ ಹೇಳಿದರೆ ತೀರಿತು. ಇವತ್ತು ಅದನ್ನೂ ನಿಮಗೆ ಕೊಟ್ಟುಬಿಟ್ಟೆ.